ಆರಿದ್ರಾ ಚಿಕ್ಕಿಯ ಆಣೆವಾರಿ

ಗಂಡನ ಹೆಸರು ಹೇಳಬಾರದು ಎಂದು ತವರಿನವರು ಕಲಿಸಿ ಕಳಿಸಿದ್ದರು. ಈಗ ನನ್ನ ತಲೆ ಪೂರಾ ಬೆಳ್ಳಗಾಗಿದೆ, ಇನ್ನು ಯಾರ ಅಂಜಿಕೆ? ಅವರ ಹೆಸರು ಪ್ರಾಣೇಶ. ಗಜೇಂದ್ರಗಡದ ಒಂದು ಕನ್ನಡ ಸಾಲೆಯಲ್ಲಿ ಮಾಸ್ತರರಾಗಿದ್ದರು. ನಾನು ಇಂದಿರಾಬಾಯಿ. ಈ ಸಂಗತಿ ನಡೆದದ್ದು ೧೯೫೫ರಲ್ಲಿ. ಆಗ ಮನೆಯಲ್ಲಿ ನಾವಿಬ್ಬರೇ, ಮದುವೆಯಾಗಿ ಆರು ವರ್ಷ. ಆ ಆರರಲ್ಲಿ ನಾಲ್ಕು ವರ್ಷ ನಮ್ಮವರು ಸಂಜೆಯಾದರೆ ಮಾಳಿಗೆ ಹತ್ತಿ ಒಂದು ಕೆಂಪು ಚಿಕ್ಕಿಯನ್ನು ನೋಡುತ್ತಾ ಕೂತಿದ್ದರು.

ಆ ಚಿಕ್ಕಿಗೆ ಪಂಚಾಂಗದವರು ಆರ್ದ್ರಾ ಅನ್ನುತ್ತಾರೆ, ರೈತರು ಆರಿದ್ರಾ ಅನ್ನುತ್ತಾರೆ. ಅದರ ಹೆಸರಿನ ಮಳೆಯನ್ನು ಎಲ್ಲರೂ ಬಲ್ಲರು, ಚಿಕ್ಕಿಯನ್ನು ತಲೆಯೆತ್ತಿ ನೋಡಿದವರು ಕಡಿಮೆ. ನಮ್ಮವರು ಧಾರವಾಡದಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮಾಡುವಾಗ ಯಾರದೋ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಮಾತು ಓದಿದ್ದರಂತೆ. ಈ ಚಿಕ್ಕಿ ಬಹಳ ವಯಸ್ಸಾದದ್ದು, ಉಬ್ಬಿ ಉಬ್ಬಿ ನಮ್ಮ ಸೂರ್ಯನ ನೂರಾರು ಪಟ್ಟು ದೊಡ್ಡದಾದದ್ದು, ಇದರ ಬೆಳಕು ಏರುತ್ತದೆ ಇಳಿಯುತ್ತದೆ, ಆದರೆ ಯಾವಾಗ ಏರುತ್ತದೆ ಯಾವಾಗ ಇಳಿಯುತ್ತದೆ ಎಂಬುದಕ್ಕೆ ಹೊತ್ತುಗೊತ್ತು ಇಲ್ಲ. ಅದೊಂದು ಮಾತು ಇವರ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಸಾಲೆಯ ಟೈಮ್‌ಟೇಬಲ್ ಬರೆಯುವುದು ಇವರ ಕೆಲಸ. ಟೈಮ್‌ಟೇಬಲ್ ಇಲ್ಲದ ವಸ್ತು ಜಗತ್ತಿನಲ್ಲಿ ಇದೆ ಎಂದರೆ ಇವರಿಗೆ ನಂಬಿಕೆ ಬರಬೇಕಲ್ಲ. ಸಿಕ್ಕಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ ಎಂದು ನನ್ನ ಮುಂದೆ ವಾದಿಸುತ್ತಿದ್ದರು. ನಾನೇನು ಇದೆ ಅಂದಿದ್ದೆನೋ ಇಲ್ಲ ಅಂದಿದ್ದೆನೋ!

ಬೆಳಕನ್ನು ಅಳೆಯಲು ಯಂತ್ರವೇನೂ ಇರಲಿಲ್ಲ. ಊರ ಲೆಕ್ಕ ಬರೆಯುವ ತಲಾಠಿ ಹೊಲಕ್ಕೆ ಬಂದು ಪೀಕು ನೋಡಿ ಇದು ಎಂಟಾಣೆ ಬೆಳೆ, ಇದು ಹತ್ತಾಣೆ ಬೆಳೆ ಎಂದು ಕಣ್ಣಳತೆಯಲ್ಲೇ ಆಣೆವಾರಿ ಬರೆಯುತ್ತಾನಲ್ಲ, ಇವರೂ ಹಾಗೆಯೇ ಬರೆಯುತ್ತಿದ್ದರು. ಆರಿದ್ರಾದ ಪಡುವಲಿಗೆ ರೋಹಿಣಿ ಇದೆ, ಅದು ತುಸು ಮಬ್ಬು. ಮೂಡಲಿಗೆ ಒಂದು ಬಿಳಿ ಚಿಕ್ಕಿ ಇದೆ, ಅದು ತುಸು ಹೊಳಪು. ಆರಿದ್ರಾ ರೋಹಿಣಿಯಷ್ಟೇ ಇದ್ದರೆ ಸೊನ್ನೆ, ಬಿಳಿ ಚಿಕ್ಕಿಯಷ್ಟಿದ್ದರೆ ಹದಿನಾರಾಣೆ. ನಡುವೆ ಎಷ್ಟಿದೆಯೋ ಅಷ್ಟನ್ನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ತಾರೀಖಿನ ಮುಂದೆ ಬರೆಯುವುದು. ಚಿಕ್ಕಿ ಸಂಜೆಗೆ ಕಾಣಿಸುವ ಚಳಿಗಾಲದಿಂದ ಬೇಸಿಗೆಯವರೆಗೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಬರೆಯುವ ಮುಂಚೆ ಜಪ. ಸಾಲೆಯ ಗದ್ದಲ ಕಿವಿಯಲ್ಲಿ ಇರುವಾಗ ನೋಡಿದರೆ ಕಣ್ಣು ತಪ್ಪುತ್ತದೆ, ಮನಸ್ಸು ನಿಂತ ಮೇಲೆ ನೋಡಿದ್ದೇ ಖರೇ ಎಂದು ಇವರ ಸಿದ್ಧಾಂತ. ಆರಿದ್ರಾಕ್ಕೆ ರುದ್ರದೇವರೇ ಅಧಿಪತಿ, ಹೀಗಾಗಿ ಚಿಕ್ಕಿಯ ಮೇಲೆ ದೃಷ್ಟಿ ನೆಟ್ಟು ಜಪಮಣಿ ಎಣಿಸುವುದರಲ್ಲಿ ತಪ್ಪೇನೂ ಇರಲಿಲ್ಲ. ನೂರೆಂಟು ಎಣಿಸಬೇಕೆಂದು ಆಸೆ. ಆದರೆ ಕೆಳಗೆ ನಾನಿದ್ದೆನಲ್ಲ! ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಬಿಸಿ ಭಕ್ಕರಿ ಹಂಚಿನಿಂದ ಇಳಿದ ಕೂಡಲೇ ಕರೆಯುತ್ತಿದ್ದೆ. ಒಂದು ಸಲ ಬಾಯಿಂದ, ಎರಡನೇ ಸಲ ಸವುಟಿನಿಂದ ತಾಟು ಬಡಿದು. ಹತ್ತೋ ಹನ್ನೆರಡೋ ಮಣಿಗೆ ಜಪ ಮುಗಿಸಿ, ಚಿಕ್ಕಿ ನೋಡಿ, ಆಣೆವಾರಿ ಬರೆದು ಇಳಿದು ಬರುತ್ತಿದ್ದರು.

ಆ ವರ್ಷ ಸಂಕ್ರಮಣ ಮುಗಿದ ಮೇಲೆ ಒಂದು ದಿನ ನಮ್ಮವರು ನಡುಮನೆಯಲ್ಲಿ ನೋಟ್‌ಬುಕ್ಕುಗಳನ್ನೆಲ್ಲ ಹರವಿಕೊಂಡು ಕೂತಿದ್ದರು. ಮುಖ ನೋಡಿದರೆ ಜ್ವರ ಬಂದವರಂತಿತ್ತು. ಆರಿದ್ರಾದ ಟೈಮ್‌ಟೇಬಲ್ ಸಿಕ್ಕಿದೆ ಎಂದರು. ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ಅದು ಒಮ್ಮೆಲೇ ನಾಲ್ಕಾಣೆಯಷ್ಟು ಏರುತ್ತದೆ, ಮರುದಿನ ಇಳಿಯುತ್ತದೆ. ನಾಲ್ಕು ವರ್ಷದ ಲೆಕ್ಕದಲ್ಲಿ ಬೆರಳಿನಿಂದ ತೋರಿಸಿದರು. ಬೆಳದಿಂಗಳ ಆಟ ಇರಬಹುದೇ ಎಂದು ತಾವೇ ಅನುಮಾನಪಟ್ಟು ಅದನ್ನೂ ನೋಡಿದ್ದರು. ಬೆಳದಿಂಗಳ ದಿನವೂ ಏರಿತ್ತು, ಸಂಜೆಗೆ ಚಂದ್ರನೇ ಇಲ್ಲದ ದಿನವೂ ಏರಿತ್ತು. ಹಾಗಾದರೆ ಚಿಕ್ಕಿಯದೇ ಗುಣ. ಜಗತ್ತಿನಲ್ಲಿ ಯಾರಿಗೂ ಸಿಗದ್ದು ಗಜೇಂದ್ರಗಡದ ಮಣ್ಣಿನ ಮಾಳಿಗೆಯ ಮೇಲೆ ಸಿಕ್ಕಿತ್ತು.

ಇವರ ತಂದೆ ಇವರಿಗೆ ಹದಿನೆಂಟಾಗುವ ಮುಂಚೆಯೇ ತೀರಿಕೊಂಡಿದ್ದರು. ಕಾಲೇಜಿಗೆ ಹೋಗಬೇಕೆಂದಿದ್ದವರು ಮಾಸ್ತರಿಕೆಗೆ ಬಂದಿದ್ದರು. ಸಾಲೆಯ ಹೆಡ್‌ಮಾಸ್ತರರು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಇವರನ್ನು ಎಲ್ಲರ ಮುಂದೆ ಚುಚ್ಚುತ್ತಿದ್ದರು. ಇವರು ಕೇಳಿ ಸುಮ್ಮನಾಗುತ್ತಿದ್ದರು, ರಾತ್ರಿ ಮಾತ್ರ ನಿದ್ದೆ ಬರದೆ ಹೊರಳುವುದು ನನಗೆ ಗೊತ್ತಾಗುತ್ತಿತ್ತು. ಮಾರ್ಚಿನಲ್ಲಿ ರೋಣದಲ್ಲಿ ತಾಲೂಕಿನ ಮಾಸ್ತರರ ಸಮ್ಮೇಳನ ಇತ್ತು. ಧಾರವಾಡದಿಂದ ವಿಜ್ಞಾನದ ಪ್ರೊಫೆಸರರೊಬ್ಬರು ಅಧ್ಯಕ್ಷರಾಗಿ ಬರುವವರಿದ್ದರು. ಅಲ್ಲಿ ನಿಂತು ಪ್ರಬಂಧ ಓದುತ್ತೇನೆ ಎಂದು ಇವರು ಹೆಸರು ಕೊಟ್ಟರು. ಹೆಡ್‌ಮಾಸ್ತರರೂ ಬೇಡ ಅನ್ನಲಿಲ್ಲ. ತಮಾಷೆ ನೋಡಲು ಅವರಿಗೂ ಒಂದು ಕಾರಣ ಬೇಕಿತ್ತು. ನನಗಂತೂ ಎದೆ ಉಬ್ಬಿತ್ತು. ನನ್ನ ಗಂಡ ದೊಡ್ಡವರ ಮುಂದೆ ನಿಂತು ನಾನು ಇದನ್ನು ಕಂಡುಹಿಡಿದೆ ಅನ್ನುವುದನ್ನು ಕಿವಿಯಾರೆ ಕೇಳಬೇಕು, ನಾನೂ ಬರುತ್ತೇನೆ ಎಂದು ಹಟ ಹಿಡಿದೆ.

ಹೋಗಲು ಸೀರೆ ಬೇಕಲ್ಲ. ನನ್ನ ಇಳಕಲ್ ಸೀರೆಯ ಕೆಂಪು ಸೆರಗು ಮಾಸಿತ್ತು. ಬಣ್ಣ ಹಾಕಿಸಲು ಖತೀಜಾಬಿಯ ಮನೆಗೆ ಹೋದೆ. ಖತೀಜಾಬಿ ಮತ್ತು ಆಕೆಯ ಗಂಡ ಗೌಸುಸಾಬ ನಮ್ಮೂರ ನೇಕಾರರಿಗೆ ನೂಲಿಗೆ ಬಣ್ಣ ಹಾಕಿ, ಗಂಜಿ ಹಚ್ಚಿ ಕೊಡುತ್ತಿದ್ದರು. ಆ ಕಾಲದಲ್ಲಿ ನಾವು ಅವರ ಅಂಗಳದಲ್ಲಿ ನಿಂತೇ ಮಾತಾಡುತ್ತಿದ್ದೆವು, ಒಳಗೆ ಹೋಗುತ್ತಿರಲಿಲ್ಲ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಕೆ ಎರಡು ಕೆಂಪು ನೂಲಿನ ಲಡಿ ತಂದು ಯಾವುದು ನಿಮ್ಮ ಸೆರಗಿಗೆ ಹೊಂದುತ್ತದೆ ನೋಡಿ ಎಂದಳು. ನಾನು ಒಂದನ್ನು ದಿಟ್ಟಿಸಿ ನೋಡಿದೆ, ಇನ್ನೊಂದನ್ನು ದಿಟ್ಟಿಸಿ ನೋಡಿದೆ, ಮತ್ತೆ ಮೊದಲನೆಯದಕ್ಕೆ ಬಂದೆ. ಎಷ್ಟು ನೋಡಿದರೂ ತಿಳಿಯಲೊಲ್ಲದು. ಖತೀಜಾಬಿ ಲಡಿಗಳನ್ನು ನನ್ನ ಕಣ್ಣ ಮುಂದಿನಿಂದ ಎಳೆದುಕೊಂಡು ಬೆನ್ನ ಹಿಂದೆ ಹಿಡಿದಳು.

"ಬಾಯಾರ, ಕೆಂಪಿನ ಕೂಡ ಹಂಗ ಹಟಕ್ಕ ಬೀಳಬ್ಯಾಡ್ರಿ. ಒಂದ ಸಲ ನೋಡ್ರಿ, ಕಣ್ಣು ತಗೀರಿ. ಕೆಂಪು ಮದಲನೇ ನೋಟಕ್ಕ ಅಷ್ಟ ಖರೇ ಹೇಳತೈತಿ. ಆಮ್ಯಾಲೆ ಬರೇ ಸುಳ್ಳು."

ಅದು ಹೇಗೆ ಎಂದು ಕೇಳಿದೆ. ಬಿಸಿಲಿನಲ್ಲಿ ಕೆಂಪು ನೂಲನ್ನು ದಿಟ್ಟಿಸಿದರೆ ಮಾಸಿದಂತೆ ಕಾಣುತ್ತದೆ, ಕತ್ತಲಲ್ಲಿ ಒಂದು ಕೆಂಡವನ್ನು ದಿಟ್ಟಿಸಿದರೆ ಇದ್ದುದಕ್ಕಿಂತ ಹೆಚ್ಚು ಉರಿದಂತೆ ಕಾಣುತ್ತದೆ, ನೋಡಿದಷ್ಟೂ ಏರುತ್ತದೆ ಎಂದಳು. ಆಕೆಗೆ ಅತ್ತೆ ಹೇಳಿಕೊಟ್ಟ ವಿದ್ಯೆಯಂತೆ. ಬಣ್ಣದವರ ಮನೆಗೆ ಸೊಸೆಯಾಗಿ ಬಂದವಳಿಗೆ ಮೊದಲು ಕಲಿಸುವುದೇ ಕಣ್ಣು ತೆಗೆಯುವುದನ್ನು. ಲಡಿಗಳನ್ನು ಮತ್ತೆ ಮುಂದೆ ಹಿಡಿದಳು. ನಾನು ಒಮ್ಮೆ ನೋಡಿ ತಲೆ ತಿರುಗಿಸಿದೆ. ಎಡಗೈಯಲ್ಲಿದ್ದದ್ದು ಎಂದೆ. ಹೌದೆಂದು ನಕ್ಕಳು.

ಅಂಗಳದ ಇನ್ನೊಂದು ಮೂಲೆಯಲ್ಲಿ ಗೌಸುಸಾಬ ನೂಲಿಗೆ ಹಚ್ಚುವ ಗಂಜಿ ಕುದಿಸುತ್ತಿದ್ದ. ಅಗಲವಾದ ಹಂಡೆ, ಮಂದ ಗಂಜಿ. ಪಕ್ಕದ ಸಣ್ಣ ಒಲೆಯ ಮೇಲೆ ಬರೀ ನೀರು ಕುದಿಯುತ್ತಿತ್ತು. ನೀರಿನಲ್ಲಿ ಸಾವಿರ ಸಣ್ಣ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದವು. ಗಂಜಿ ಹಾಗಲ್ಲ. ಸುಮ್ಮನೆ ಕೆನೆ ಕಟ್ಟಿಕೊಂಡು ಮಲಗಿರುತ್ತಿತ್ತು, ಇದ್ದಕ್ಕಿದ್ದಂತೆ ಒಂದು ಮೂಲೆಯಲ್ಲಿ ತಾಟಿನಷ್ಟು ದೊಡ್ಡದಾಗಿ ಉಬ್ಬಿ ಭುಸ್ಸೆಂದು ಒಡೆಯುತ್ತಿತ್ತು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಮ್ಮೆಲೇ ಎರಡು. ನನಗೆ ಅದನ್ನು ನೋಡುವುದರಲ್ಲಿ ಏನೋ ಖುಷಿ ಹತ್ತಿತು. ಮುಂದಿನದು ಯಾವಾಗ ಏಳುತ್ತದೆ ಎಂದು ಮನಸ್ಸಿನಲ್ಲೇ ಪಂತ ಕಟ್ಟಿ ಪ್ರತಿಸಲ ಸೋತೆ. ಗೌಸುಸಾಬನನ್ನು ಕೇಳಿದರೆ ಆತನೂ ನಕ್ಕ.

"ಅದನ್ನ ಅಲ್ಲಾನ ಬಲ್ಲ. ತಳದಾಗ ಬೆಂಕಿ ಒಂದ ನಮೂನಿ ಐತ್ರಿ ಬಾಯಾರ. ಮ್ಯಾಲೆ ಬರೂದು ಮಾತ್ರ ಗಂಜೀ ಮರ್ಜಿ."

ಅವತ್ತು ಏಕಾದಶಿ. ನಮ್ಮ ಮನೆಯಲ್ಲಿ ಏಕಾದಶಿ ಅಂದರೆ ಒಲೆ ಹಚ್ಚುವಂತಿಲ್ಲ, ಇಬ್ಬರೂ ಉಪವಾಸ. ಸಂಜೆ ಮಾಡಲು ಕೆಲಸವಿಲ್ಲದೆ ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದೆ. ಇವರು ಮಾಳಿಗೆಯ ಮೇಲೆ ಸಾವಕಾಶವಾಗಿ ಜಪ ಮುಗಿಸಿ ಇಳಿದು ಬಂದರು. ಮುಖ ಅರಳಿತ್ತು. ಹೇಳಿದ ದಿನಕ್ಕೆ ಸರಿಯಾಗಿ ಹನ್ನೆರಡಾಣೆಗೆ ಏರಿದೆ ಎಂದರು. ನಾನೂ ನಕ್ಕೆ. ಅರ್ಧ ನಕ್ಕವಳಿಗೆ ಕೈಯಲ್ಲಿದ್ದ ಬತ್ತಿ ಹಾಗೇ ನಿಂತಿತು. ಇವತ್ತು ನಾನು ಊಟಕ್ಕೆ ಕರೆದಿಲ್ಲ.

ಇವರು ಮಲಗಿದ ಮೇಲೆ ನೋಟ್‌ಬುಕ್ಕು ತೆಗೆದೆ. ಹಳೆಯ ಪಂಚಾಂಗಗಳನ್ನು ನಾನು ಎಂದೂ ಬಿಸಾಡಿದವಳಲ್ಲ. ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಇವರು ಇಂಗ್ಲಿಷ್ ತಾರೀಖು ಬರೆದಿದ್ದರು, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಚಿಕ್ಕಿ ಏರಿದ ತಾರೀಖು ಅಷ್ಟೂ ಏಕಾದಶಿ. ಉಳಿದ ದಿನ ನಾನು ಕರೆಯುತ್ತಿದ್ದೆ, ಹತ್ತು ಮಣಿಗೆ ಏಳುತ್ತಿದ್ದರು. ಏಕಾದಶಿಗೆ ಕರೆಯುವವರಿಲ್ಲ, ಕೆಂಪು ಚಿಕ್ಕಿಯನ್ನು ನೂರೆಂಟು ಮಣಿಯವರೆಗೂ ದಿಟ್ಟಿಸುತ್ತಿದ್ದರು. ದೀಪದ ಬುಡಕ್ಕೆ ಕತ್ತಲೆ ಅನ್ನುತ್ತಾರಲ್ಲ, ತಿಂಗಳಿಗೆ ಎರಡು ಸಲ ಉಪವಾಸ ಮಾಡುವ ಮನುಷ್ಯನಿಗೆ ಆ ಹದಿನೈದು ದಿನದ ಗುರುತು ಹತ್ತಿರಲಿಲ್ಲ. ನನಗೆ ನಗು ಬಂತು. ನಗು ಮುಗಿಯುವ ಮೊದಲೇ ರೋಣದ ಸಮ್ಮೇಳನ ನೆನಪಾಯಿತು.

ಹೇಳುವುದು ಹೇಗೆ? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನ್ನ ಗಂಡ ಒದೆಯುವವರಲ್ಲ, ಆದರೆ ಅವರ ಎದೆಗೆ ನಾನೇ ಒದ್ದ ಹಾಗಾಗುತ್ತದೆ. ಹೇಳದೆ ಬಿಟ್ಟರೆ ರೋಣದಲ್ಲಿ ಆ ಪ್ರೊಫೆಸರರು ನಾಲ್ಕು ಪ್ರಶ್ನೆ ಕೇಳಿ ಬಯಲಿಗೆಳೆದರೆ? ಹೆಡ್‌ಮಾಸ್ತರರು ಇವರು ನಿವೃತ್ತಿಯಾಗುವವರೆಗೂ ಅದನ್ನೇ ಹೇಳಿ ನಗುತ್ತಾರೆ. ಅದಕ್ಕಿಂತ ಮೊದಲು ನನಗೇ ಖಾತ್ರಿ ಬೇಕಿತ್ತು. ಗಂಡನ ನಾಲ್ಕು ವರ್ಷವನ್ನು ಒಂದು ಅನುಮಾನದ ಮೇಲೆ ಕೆಡವಲು ನಾನು ತಯಾರಿರಲಿಲ್ಲ.

ಮರುವಾರ ಏಕಾದಶಿಯಲ್ಲದ ಒಂದು ದಿನ ಆರಿಸಿಕೊಂಡೆ. ಭಕ್ಕರಿ ಮಾಡಿಟ್ಟೆ, ಕರೆಯಲಿಲ್ಲ. ಮೇಲೆ ಮಣಿಗಳ ಸಪ್ಪಳ ಕೇಳುತ್ತಾ ಬಾಯಿಗೆ ಸೆರಗು ಒತ್ತಿಕೊಂಡು ಕೂತೆ. ಕರೆಯದಿರುವುದು ನನಗೆ ಎಷ್ಟು ಕಷ್ಟ ಎಂಬುದು ಅವತ್ತೇ ತಿಳಿಯಿತು. ಭಕ್ಕರಿ ಆರಿ ಹಪ್ಪಳವಾದ ಮೇಲೆ ಇವರು ಇಳಿದು ಬಂದರು, ಮುಖ ಗಂಟಾಗಿತ್ತು. ಇವತ್ತು ಏರಬಾರದಾಗಿತ್ತು, ಹನ್ನೊಂದಾಣೆ ಆಗಿದೆ ಎಂದರು. ಮೂರು ದಿನ ಬಿಟ್ಟು ಮತ್ತೆ ಹಾಗೇ ಮಾಡಿದೆ. ಹನ್ನೆರಡು. ಕರೆದ ದಿನವೆಲ್ಲ ಏಳು, ಎಂಟು. ಲಕ್ಷಾಂತರ ಕೋಟಿ ಹರದಾರಿ ದೂರದ ಚಿಕ್ಕಿ ನನ್ನ ಒಲೆಯ ಮಾತು ಕೇಳುತ್ತಿತ್ತು.

ಮುಂದಿನ ಏಕಾದಶಿ ಬಂತು. ಊಟಕ್ಕೆ ಕರೆಯುವ ಹಾಗಿಲ್ಲ. ಹತ್ತು ಮಣಿಯಾಗುವಷ್ಟು ಹೊತ್ತು ನೋಡಿ ಕೆಳಗಿನಿಂದ ಕೂಗಿಕೊಂಡೆ. ಅಡಿಗೆಮನೆಯಲ್ಲಿ ಚೇಳು ಬಂದಿದೆ, ಲಗೂ ಬರ್ರಿ ಎಂದೆ. ಏಕಾದಶಿಯ ದಿನ ಸುಳ್ಳು ಹೇಳಿದ ಪಾಪ ನನ್ನ ತಲೆಯ ಮೇಲೇ ಇರಲಿ. ಇವರು ಒಂದು ಕೈಯಲ್ಲಿ ಜಪಮಣಿ, ಒಂದು ಕೈಯಲ್ಲಿ ಕಂದೀಲು ಹಿಡಿದು ಓಡಿ ಬಂದು, ಇಲ್ಲದ ಚೇಳನ್ನು ಡಬ್ಬಿಗಳ ಹಿಂದೆಲ್ಲ ಹುಡುಕಿದರು. ಚಿಕ್ಕಿ ನೋಡಿದಿರಾ ಎಂದು ಕೇಳಿದೆ. ಇಳಿಯುವ ಮುಂಚೆ ನೋಡಿದೆ, ಏಳಾಣೆ ಅಷ್ಟೇ ಇತ್ತು, ಇವತ್ತು ಏರಬೇಕಿತ್ತು, ಏರಲೇ ಇಲ್ಲ ಎಂದು ಹೇಳಿ ಅಲ್ಲೇ ಹಿಟ್ಟಿನ ಡಬ್ಬಿಗೆ ಆತು ಕೂತುಬಿಟ್ಟರು.

ಸಮ್ಮೇಳನಕ್ಕೆ ಒಂದು ವಾರ ಉಳಿದಿತ್ತು. ಇವರಿಗೆ ಊಟ ಸೇರಲಿಲ್ಲ. ನನ್ನ ತಲೆ ಕೆಟ್ಟಿದೆಯೋ ಚಿಕ್ಕಿಯ ತಲೆ ಕೆಟ್ಟಿದೆಯೋ ಎಂದು ತಾವೇ ತಮಗೆ ಅನ್ನುತ್ತಿದ್ದರು. ನೋಡಲಾಗದೆ ಮೂರನೇ ದಿನ ಮಧ್ಯಾಹ್ನ ಪಂಚಾಂಗಗಳನ್ನು ತಂದು ಮುಂದೆ ಇಟ್ಟೆ. ಖತೀಜಾಬಿ ಹೇಳಿದ್ದು, ಕರೆಯದೆ ಬಿಟ್ಟ ದಿನಗಳು, ಇಲ್ಲದ ಚೇಳು, ಒಂದನ್ನೂ ಮುಚ್ಚಿಡದೆ ಹೇಳಿದೆ. ಕೇಳುತ್ತಾ ಕೇಳುತ್ತಾ ಇವರ ಬೆರಳು ಪಂಚಾಂಗದಿಂದ ನೋಟ್‌ಬುಕ್ಕಿಗೆ, ನೋಟ್‌ಬುಕ್ಕಿನಿಂದ ಪಂಚಾಂಗಕ್ಕೆ ಹೋಗುತ್ತಿತ್ತು. ಕೊನೆಗೆ ಬೆರಳು ನಿಂತಿತು.

"ನನ್ನ ನಾಕು ವರ್ಷ ನೀರಾಗ ಹೋತು," ಎಂದರು.

"ನಾಕು ವರ್ಷ ಹೋಗಿಲ್ರಿ. ನಾಕು ವರ್ಷದ ಏಕಾದಶಿ ಅಷ್ಟ ಹೋಗ್ಯಾವ."

ನೋಟ್‌ಬುಕ್ಕು ಮುಚ್ಚಿದರು. ಎದ್ದು ಹೊರಗೆ ಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ, ಮಾಳಿಗೆಯನ್ನೂ ಹತ್ತಲಿಲ್ಲ. ನಾನು ಸಿಟ್ಟಿನವಳು, ಆದರೆ ಆ ಎರಡು ದಿನ ಅತ್ತೆ. ಸುಮ್ಮನಿದ್ದಿದ್ದರೆ ಒಂದು ದಿನವಾದರೂ ಸುಖಪಡುತ್ತಿದ್ದರಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮೂರನೇ ಸಂಜೆ ಇವರು ಒಂದು ಪಾಟಿ, ಎರಡು ತುಂಡು ಬಳಪ ಹಿಡಿದು ನನ್ನನ್ನು ಮಾಳಿಗೆಗೆ ಕರೆದರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಕರೆದಿರಲಿಲ್ಲ. ಮೂರು ಚಿಕ್ಕಿಗಳನ್ನು ತೋರಿಸಿ ಲೆಕ್ಕ ಹೇಳಿಕೊಟ್ಟರು. ಜಪ ಇಲ್ಲ, ದಿಟ್ಟಿಸುವುದಿಲ್ಲ, ಒಂದೇ ನೋಟ. ನೋಡಿ ಕಣ್ಣು ತೆಗೆದು, ಒಬ್ಬರದು ಒಬ್ಬರಿಗೆ ಕಾಣದ ಹಾಗೆ ಪಾಟಿಯ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ನಾನು ಬರೆದೆವು. ಕಂದೀಲಿನ ಬೆಳಕಿಗೆ ಪಾಟಿ ತಿರುವಿ ನೋಡಿದರೆ ಅವರದು ಐದಾಣೆ, ನನ್ನದೂ ಐದಾಣೆ. ಹತ್ತು ಮಣಿಯಷ್ಟು ದಿಟ್ಟಿಸಿದ್ದಕ್ಕೂ ಎರಡು ಮೂರಾಣೆ ಏರುತ್ತಿತ್ತು ಎಂದಾಯಿತು. ಮರುದಿನವೂ ಹಾಗೇ, ಒಬ್ಬರದು ಐದು, ಒಬ್ಬರದು ನಾಲ್ಕೂವರೆ. ಇವರ ಬೆನ್ನು ನೆಟ್ಟಗಾಯಿತು.

ಅವತ್ತೇ ಕೂತು ಹಳೆಯ ಲೆಕ್ಕದ ಏಕಾದಶಿಗಳನ್ನೆಲ್ಲ ಇಬ್ಬರೂ ಸೇರಿ ಹೊಡೆದು ಹಾಕಿದೆವು. ಉಳಿದ ದಿನಗಳು ಎಲ್ಲವೂ ಹತ್ತು ಹನ್ನೆರಡು ಮಣಿಯವು, ಒಂದಕ್ಕೊಂದು ಹೋಲಿಸಲು ಅಡ್ಡಿಯಿರಲಿಲ್ಲ. ನೋಡಿದರೆ ಅವುಗಳಲ್ಲೂ ಏರಿಳಿತ ಇತ್ತು. ಆದರೆ ದಿನದಿನಕ್ಕೆ ಕುಣಿಯುವುದಲ್ಲ. ಒಂದು ಚಳಿಗಾಲ ಹತ್ತಾಣೆಯ ಆಸುಪಾಸು, ಮರುವರ್ಷ ಮೆಲ್ಲಗೆ ಇಳಿದು ಆರು, ಮತ್ತೆ ತುಸು ಏರಿ ಎಂಟು, ಈ ವರ್ಷ ಮತ್ತೆ ಇಳಿತ. ಅಲ್ಲಿ ನನ್ನ ಒಲೆಯ ಗುರುತೂ ಇರಲಿಲ್ಲ, ಪಂಚಾಂಗದ ಗುರುತೂ ಇರಲಿಲ್ಲ. ಇವರು ಎಷ್ಟು ಕೂಡಿಸಿ ಕಳೆದರೂ ಟೈಮ್‌ಟೇಬಲ್ ಹೊಂದಲಿಲ್ಲ.

ಯಾಕೆ ಹೀಗೆ ಎಂದು ನಾನು ಕೇಳಿದೆ. ಮುದಿ ಚಿಕ್ಕಿ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತದೆ ಎಂದು ಪುಸ್ತಕದಲ್ಲಿತ್ತು, ಆದರೆ ಉಸಿರು ಸಮನಾಗಿ ಯಾಕೆ ಬರುವುದಿಲ್ಲ ಎಂದು ಬರೆದಿರಲಿಲ್ಲ ಎಂದರು. ಆಗ ಗೌಸುಸಾಬನ ಹಂಡೆಯ ಮಾತು ಹೇಳಿದೆ. ಇವರು ಬಳಪ ಕೆಳಗಿಟ್ಟರು. ಮೂರು ಸಲ ಅದನ್ನೇ ಹೇಳಿಸಿದರು. ಸಣ್ಣ ಗುಳ್ಳೆ ಸಾವಿರ ಇದ್ದರೆ ಒಂದು ಏಳುವಾಗ ಇನ್ನೊಂದು ಒಡೆದು ಒಟ್ಟು ಲೆಕ್ಕ ಸಮನಾಗುತ್ತದೆ. ನಮ್ಮ ಸೂರ್ಯ ಹಾಗೆ. ಉಬ್ಬುಗಳು ನಾಲ್ಕೈದೇ ಇದ್ದು, ಒಂದೊಂದೂ ದೊಡ್ಡದಿದ್ದರೆ? ಬಿಸಿ ಮೇಲೆ ಬಂದಾಗ ಹೊಳಪು, ಆರಿ ಕೆಳಗೆ ಹೋದಾಗ ಮಬ್ಬು, ಮುಂದಿನದು ಯಾವಾಗ ಏಳುತ್ತದೋ ಯಾರು ಹೇಳಬೇಕು? ಅಷ್ಟು ಉಬ್ಬಿದ ಚಿಕ್ಕಿಗೆ ತನ್ನ ಮೇಲ್ಮೈಯನ್ನು ಬಿಗಿಹಿಡಿಯುವ ಶಕ್ತಿಯೂ ಕಡಿಮೆ, ಹೀಗಾಗಿ ಉಬ್ಬು ದೊಡ್ಡದಾಗಬಹುದು ಎಂದು ಇವರೇ ಸೇರಿಸಿದರು. ಇದು ಊಹೆ ಮಾತ್ರ, ಖಾತ್ರಿಯಲ್ಲ ಎಂದೂ ಹೇಳಿದರು. ಇಪ್ಪತ್ತು ವರ್ಷದ ಮೇಲೆ ಒಂದು ಮಾಸಿಕದಲ್ಲಿ ಓದಿದೆ, ಇಂಥ ಚಿಕ್ಕಿಗಳ ಮೈಮೇಲೆ ಬೆರಳಿನಿಂದ ಎಣಿಸುವಷ್ಟೇ ದೊಡ್ಡ ಕುದಿಗಳು ಏಳುತ್ತಿರಬಹುದೆಂದು ಈಗ ವಿದ್ವಾಂಸರು ಹೇಳುತ್ತಿದ್ದಾರಂತೆ. ಗೌಸುಸಾಬ ಅಷ್ಟರಲ್ಲಿ ತೀರಿಕೊಂಡಿದ್ದ. ಖತೀಜಾಬಿಯ ಮನೆಯ ಒಳಗೆ ಹೋಗಿ ಕೂತು ಓದಿ ಹೇಳಿ ಬಂದೆ.

ಸಮ್ಮೇಳನದ ದಿನ ಬೆಳಿಗ್ಗೆ ರೋಣದ ಬಸ್ಸು ಹತ್ತುವಾಗ ನನ್ನ ಕಣ್ಣಿಗೆ ಒಂದು ಬಿತ್ತು. ಇವರು ಚೀಲದಲ್ಲಿ ಹಳೆಯ ಪ್ರಬಂಧವನ್ನೇ ಇಟ್ಟುಕೊಂಡಿದ್ದರು, ಹದಿನೈದು ದಿನದ್ದು. ಹೊಸದು ಬರೆದಂತೆ ಕಾಣಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಕೊನೆಯ ಗಳಿಗೆಯಲ್ಲಿ ಆಸೆ ಮೇಲುಗೈಯಾಯಿತೇ? ಬಸ್ಸಿನ ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ರೋಣದ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂತ ಹೆಡ್‌ಮಾಸ್ತರರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಆಗಲೇ ನಗಲು ಶುರುಮಾಡಿದ್ದರು. ನಾನು ಹೆಂಗಸರ ಚಾಪೆಯ ಮೇಲೆ ಹೊಸ ಬಣ್ಣದ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಾ ಕೂತಿದ್ದೆ.

ಇವರು ಎದ್ದು ನಿಂತು ಓದಿದರು. ಆರ್ದ್ರಾ ನಕ್ಷತ್ರದ ಹದಿನೈದು ದಿನದ ಆವರ್ತ. ಶೀರ್ಷಿಕೆ ಓದಿ, ಆ ಹಾಳೆಗಳನ್ನು ಮಡಿಸಿ ಮೇಜಿನ ಮೇಲೆ ಇಟ್ಟರು.

"ಈ ಆವರ್ತ ನಕ್ಷತ್ರದ್ದಲ್ರಿ, ನಂದು. ನನ್ನ ಹೆಂಡತಿ ಊಟಕ್ಕ ಕರೆದ ದಿನ ನಕ್ಷತ್ರ ಇಳೀತಿತ್ತು, ಏಕಾದಶಿಗೆ ಕರೀದಿದ್ರ ಏರತಿತ್ತು."

ಮಂದಿ ನಕ್ಕರು. ಹೆಡ್‌ಮಾಸ್ತರರು ತೊಡೆ ತಟ್ಟಿಕೊಂಡು ನಕ್ಕರು. ಇವರು ನಗು ಮುಗಿಯುವವರೆಗೂ ನಿಂತಿದ್ದರು. ಆಮೇಲೆ ಜಪಮಣಿಯ ಕಥೆ, ಬಣ್ಣದವರ ಮನೆಯ ಕಣ್ಣು, ಇಲ್ಲದ ಚೇಳು, ಹೊಡೆದು ಹಾಕಿದ ಏಕಾದಶಿಗಳು, ಎಲ್ಲವನ್ನೂ ಸಾಲೆಯಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದರು. ಚೇಳಿನ ಮಾತಿಗೆ ಮತ್ತೊಮ್ಮೆ ನಗು ಎದ್ದಿತು, ಆಮೇಲೆ ಏಳಲಿಲ್ಲ. ನಮ್ಮ ತಪ್ಪೆಲ್ಲ ತೆಗೆದ ಮೇಲೂ ಉಳಿಯುವ ಏರಿಳಿತ ನನ್ನದಲ್ಲ, ಅದು ಚಿಕ್ಕಿಯದು, ಅದಕ್ಕೆ ಹೊತ್ತುಗೊತ್ತು ನನಗೆ ಸಿಗಲಿಲ್ಲ ಎಂದು ಹಂಡೆಯ ಮಾತು ಹೇಳಿ ಮುಗಿಸಿದರು. ನನಗೆ ಕಣ್ಣು ತುಂಬಿ ಮುಂದಿನದು ಕಾಣಲಿಲ್ಲ. ಕಂಡುಹಿಡಿದೆ ಎಂದು ಹೇಳುವುದನ್ನು ಕೇಳಲು ಬಂದವಳು ನಾನು, ಕೇಳಿದ್ದು ಬೇರೆ, ಆದರೆ ಎದೆ ಉಬ್ಬುವುದೇನೂ ಕಡಿಮೆಯಾಗಲಿಲ್ಲ.

ಅಧ್ಯಕ್ಷರಾಗಿದ್ದ ಪ್ರೊಫೆಸರರು ನಕ್ಕಿರಲಿಲ್ಲ. ನೋಟ್‌ಬುಕ್ಕು ತರಿಸಿಕೊಂಡು ಹೊಡೆದು ಹಾಕಿದ ಸಾಲುಗಳನ್ನು ಒಂದೊಂದಾಗಿ ನೋಡಿದರು. ಒಬ್ಬರು ತಾವೇ ನೋಡಿ ಬರೆದದ್ದನ್ನು ತಾವೇ ಹೀಗೆ ಹೊಡೆದು ಹಾಕಿದ ಪುಸ್ತಕವನ್ನು ನಮ್ಮ ಕಾಲೇಜಿನ ಹುಡುಗರಿಗೆ ತೋರಿಸಬೇಕು, ಒಂದು ನಕಲು ಕಳಿಸಿಕೊಡಿ ಎಂದು ಕೇಳಿದರು. ಇನ್ನು ಮುಂದೆ ಪ್ರತಿದಿನದ ಲೆಕ್ಕದ ಮುಂದೆ ಯಾರು ನೋಡಿದ್ದು ಎಂಬುದನ್ನೂ ಬರೆಯಿರಿ, ಒಬ್ಬರ ಕಣ್ಣಿನ ಹಾಗೆ ಇನ್ನೊಬ್ಬರದು ಇರುವುದಿಲ್ಲ ಎಂದರು. ಹೆಡ್‌ಮಾಸ್ತರರು ಹೊರಗೆ ಬರುವಾಗ ನಮ್ಮವರ ಹೆಗಲ ಮೇಲೆ ಕೈ ಹಾಕಿದ್ದರು. ಗಾಳಿ ಬಂದ ಕಡೆ ತೂರಿಕೊಳ್ಳುವ ಅವರ ಸ್ವಭಾವ ನನಗೆ ಗೊತ್ತಿದ್ದದ್ದೇ.

ಊರಿಗೆ ಹೋಗುವ ಬಸ್ಸು ತಡವಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಯ ಅಂಡಿಗೆಗಳ ಪಕ್ಕ ನಿಂತಿದ್ದಾಗ ಕತ್ತಲಾಗಿ ಚಿಕ್ಕಿಗಳು ಮೂಡಿದವು. ಇವರು ನೋಟ್‌ಬುಕ್ಕು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ತಾರೀಖು ಬರೆದರು. ಪಕ್ಕದಲ್ಲಿ ಹೊಸದಾಗಿ ಒಂದು ಗೆರೆ ಎಳೆದು, ನೋಡಿದವರು ಎಂದು ಬರೆದು, ಅದರ ಕೆಳಗೆ ನನ್ನ ಹೆಸರು ಬರೆದರು.

"ಇಂದಿರಾ, ನೋಡು."

ಒಮ್ಮೆ ನೋಡಿ ಕಣ್ಣು ತೆಗೆದೆ. ನಾಲ್ಕಾಣೆ ಎಂದೆ. ಇವರು ತಲೆ ಎತ್ತಿ ನೋಡದೆ ನಾಲ್ಕು ಎಂದು ಬರೆದುಕೊಂಡರು.